ಈರುಳ್ಳಿ ಮಲಗುವ ಕೋಣೆ

ಕಾರಿನ ಕಿಟಕಿ ಮುಚ್ಚಿಯೇ ಇತ್ತು. ಆದರೂ ಹೆದ್ದಾರಿ ಬಿಟ್ಟು ಪುಕೆಕೊಹೆ ಕಡೆಗೆ ತಿರುಗುತ್ತಿದ್ದಂತೆ ಈರುಳ್ಳಿಯ ವಾಸನೆ ಒಳಗೆ ಬಂತು. ಹೆಚ್ಚಿದ ಈರುಳ್ಳಿಯದಲ್ಲ, ಅದು ಅಡುಗೆಮನೆಯದು, ಅದನ್ನು ನಾನು ತಡೆದುಕೊಳ್ಳಬಲ್ಲೆ. ಇದು ಕಿತ್ತು ಹೊಲದಲ್ಲೇ ಸಾಲಾಗಿ ಒಣಗಲು ಬಿಟ್ಟ ಈರುಳ್ಳಿಯದು. ಸಿಪ್ಪೆ, ಕೆಮ್ಮಣ್ಣು, ಇಲ್ಲಿನ ಜನವರಿಯ ಬೇಸಿಗೆ ಬಿಸಿಲು ಸೇರಿದ ವಾಸನೆ. ಹ್ಯಾಮಿಲ್ಟನ್‌ನ ರೊಟೊಟೂನದ ನನ್ನ ಮನೆಯಿಂದ ಇಲ್ಲಿಗೆ ಒಂದು ಗಂಟೆಯ ದಾರಿ. ಇಷ್ಟು ವರ್ಷ ಏನಾದರೊಂದು ನೆಪ ಹೇಳಿ ಈ ತಿರುವನ್ನು ತಪ್ಪಿಸಿಕೊಂಡಿದ್ದೆ.

ಈ ಸಲ ಕರೀಂ ಅಂಕಲ್ ಬಿಡಲಿಲ್ಲ. ಹಾವೇರಿ ಕಡೆಯವರು, ಇಲ್ಲಿ ಇಪ್ಪತ್ತು ವರ್ಷದಿಂದ ಡೇರಿ ನಡೆಸುತ್ತಾರೆ. ಡೇರಿ ಎಂದರೆ ಹಾಲಿನದಲ್ಲ, ಈ ದೇಶದಲ್ಲಿ ಮೂಲೆಯಂಗಡಿಗೆ ಹಾಗೆನ್ನುತ್ತಾರೆ. ನಿಮ್ಮ ಇರ್ಫಾನ್, ಹೆಂಡತಿ ಮಗಳನ್ನು ಕರೆದುಕೊಂಡು ಅಷ್ಟು ದೂರದ ಹಾರ್ನ್‌ಬಿಯಿಂದ ಬರುತ್ತಿದ್ದಾನೆ, ನೀನು ಬರದಿದ್ದರೆ ನಾನೇ ವ್ಯಾನು ತಂದು ಎತ್ತಿಹಾಕಿಕೊಂಡು ಹೋಗುತ್ತೇನೆ ಎಂದು ಫೋನಿನಲ್ಲಿ ಹೆದರಿಸಿದ್ದರು. ಆ ವ್ಯಾನಿನ ಹೆಸರೆತ್ತಿದ ಮೇಲೆ ಅವರೇ ಮಾತು ಬದಲಿಸಿ ಬಿರಿಯಾನಿಗೆ ಬಂದರು.

ಅವರ ಮನೆಯ ಮೆಟ್ಟಿಲ ತುಂಬ ಚಪ್ಪಲಿ, ಶೂ. ಅವುಗಳ ನಡುವೆ ಹಿಮ್ಮಡಿ ತುಳಿದು ಚಪ್ಪಟೆಯಾದ ಕಪ್ಪು ಶೂಗಳ ಒಂದು ಜೊತೆ. ಇರ್ಫಾನನದೇ. ದಾರ ಬಿಚ್ಚದೆ, ಕಟ್ಟದೆ, ಶೂವನ್ನು ಚಪ್ಪಲಿಯಂತೆ ಹಾಕಿಕೊಳ್ಳುವ ಚಾಳಿ ಇನ್ನೂ ಬಿಟ್ಟಿಲ್ಲ. ನೋಡಿದೆ. ಮುಂದಿನ ಮೆಟ್ಟಿಲಿಗೆ ಕಾಲು ಏಳಲಿಲ್ಲ. ಶೂ ಇಲ್ಲಿದೆ ಎಂದರೆ ಮನುಷ್ಯ ಒಳಗಿದ್ದಾನೆ. ಸಾಮಾನ್ಯ ಮಾತು. ನನಗೆ ಮಾತ್ರ ಅದು ಸಾಮಾನ್ಯವಾಗಿ ಉಳಿದಿಲ್ಲ.

ಎರಡು ಸಾವಿರದ ಹದಿನಾರರಲ್ಲಿ ನಾವು ಮೂವರು ಹ್ಯಾಮಿಲ್ಟನ್‌ನಲ್ಲಿ ಎಂ.ಎಸ್‌ಸಿ. ಓದುತ್ತಿದ್ದೆವು. ಆ ಕೋರ್ಸಿನಲ್ಲಿ ಒಂದು ಇಡೀ ವರ್ಷ ಯಾವುದಾದರೂ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡಬೇಕಿತ್ತು. ನಮಗೆ ಸಿಕ್ಕಿದ್ದು ಪುಕೆಕೊಹೆಯ ಹೊರಗೆ, ತರಕಾರಿ ಹೊಲಗಳ ಮಧ್ಯೆ ಇದ್ದ ಒಂದು ಕೇಂದ್ರ. ಹೆಸರು ಬೇಡ. ಹಾಸನದ ನಾನು, ಮೈಸೂರಿನ ಸವಿತಾ, ಗದಗಿನ ಇರ್ಫಾನ್. ಸವಿತಾ ಮತ್ತು ನಾನು ಒಂದೇ ಮನೆಯ ಫ್ಲಾಟ್‌ಮೇಟ್‌ಗಳು. ಇರ್ಫಾನ್ ಕರೀಂ ಅಂಕಲ್ ಮನೆಯ ಹಿಂದಿನ ಸಣ್ಣ ರೂಮಿನಲ್ಲಿದ್ದ. ಬಂದ ವಾರವೇ ಹೆದ್ದಾರಿಯ ಪಕ್ಕದ ಬಾಂಬೆ ಎಂಬ ಊರಿನ ಬೋರ್ಡಿನ ಕೆಳಗೆ ನಿಂತು ಫೋಟೋ ತೆಗೆಸಿಕೊಂಡು ಮನೆಗೆ ಕಳಿಸಿದ್ದ. ಅವನ ಅಜ್ಜಿ ನಂಬಿ, ಅಷ್ಟು ದೂರ ಹೋಗುತ್ತೇನೆಂದು ಹೇಳಿ ಬಾಂಬೆಯಲ್ಲೇ ಕೂತಿದ್ದಾನೆ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದರಂತೆ.

ನಮ್ಮ ಕೆಲಸ ಈರುಳ್ಳಿಯನ್ನು ಮಲಗಿಸುವುದು. ಬೇಸಿಗೆಯಲ್ಲಿ ಕಿತ್ತ ಈರುಳ್ಳಿ ವಸಂತ ಬರುತ್ತಲೇ ಮೊಳಕೆಯೊಡೆಯುತ್ತದೆ. ತಣ್ಣನೆಯ ಕೋಣೆಯಲ್ಲಿಟ್ಟು, ಅಲ್ಲಿನ ಗಾಳಿಗೆ ಸಾರಜನಕ ನುಗ್ಗಿಸಿ ಆಮ್ಲಜನಕವನ್ನು ಹೊರದೂಡಿದರೆ ಅದು ತಿಂಗಳುಗಟ್ಟಲೆ ಎಚ್ಚರಗೊಳ್ಳುವುದಿಲ್ಲ. ಎಷ್ಟು ಕಡಿಮೆ ಮಾಡಿದರೆ ಎಷ್ಟು ದಿನ ಮಲಗುತ್ತದೆ, ರುಚಿ ಎಷ್ಟು ಕೆಡುತ್ತದೆ ಎಂಬುದು ನಮ್ಮ ಪ್ರಶ್ನೆ. ಇರ್ಫಾನನ ತಂದೆಗೆ ಗದಗಿನಲ್ಲಿ ಈರುಳ್ಳಿಯ ದಲಾಲಿ ಅಂಗಡಿ. ಮೊದಲ ದಿನ ಕೋಣೆ ನೋಡಿ ಅವನು ನಕ್ಕಿದ್ದ.

"ನಮ್ಮ ಕಡೆ ಉಳ್ಳಾಗಡ್ಡಿಗೆ ಗಾಳಿ ಆಡಬೇಕಂತಾರ. ಇಲ್ಲಿ ಇದ್ದ ಗಾಳೀನೂ ತೆಗೀತಾರ. ಅಪ್ಪಗ ಹೇಳಿದ್ರ ನಂಬಂಗಿಲ್ಲ ನೋಡ್ರಿ."

ಕೋಣೆ ದೊಡ್ಡದೇನಲ್ಲ, ಎರಡು ಕಾರು ನಿಲ್ಲಿಸುವ ಗ್ಯಾರೇಜಿನಷ್ಟು. ಮರದ ದೊಡ್ಡ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿದ್ದರಿಂದ ಹಿಂದಿನ ಮೂಲೆ ಬಾಗಿಲಿನಿಂದ ಸರಿಯಾಗಿ ಕಾಣುತ್ತಿರಲಿಲ್ಲ. ಫ್ಯಾನುಗಳ ಸದ್ದಿಗೆ ಎಲ್ಲರೂ ಕಿವಿಗೆ ಮುಚ್ಚಳ ಹಾಕಿಕೊಳ್ಳುತ್ತಿದ್ದೆವು. ಮಾದರಿ ತೆಗೆಯುವ ದಿನ ಕೋಣೆಗೆ ಹೊರಗಾಳಿ ತುಂಬಿ, ಮೀಟರಿನಲ್ಲಿ ಪರೀಕ್ಷಿಸಿ, ಆಮೇಲೆ ಒಳಗೆ ಹೋಗುವುದು. ಚಳಿ ಹೊರಹೋಗದಿರಲಿ ಎಂದು ಕೆಲಸದ ನಡುವೆಯೂ ಬಾಗಿಲು ಎಳೆದೇ ಇರುತ್ತಿತ್ತು. ಎಲ್ಲ ಮುಗಿದ ಮೇಲೆ ಕಾಲಿನ್ ಹೊರಗಿನಿಂದ ಅದನ್ನು ಬಿಗಿಮಾಡಿ ಸಾರಜನಕ ಬಿಡುತ್ತಿದ್ದ.

ಕಾಲಿನ್ ಅಲ್ಲಿನ ಹಿರಿಯ ತಂತ್ರಜ್ಞ. ಅರವತ್ತರ ಹತ್ತಿರ, ಚಳಿಗಾಲದಲ್ಲೂ ಚಡ್ಡಿ, ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದವನು. ಸವಿತಾ ಒಮ್ಮೆ ಬಾಯ್ತಪ್ಪಿ ಎದುರಿಗೇ ಅಂಕಲ್ ಎಂದುಬಿಟ್ಟಿದ್ದಳು. ತಾನು ಯಾವ ಕಡೆಯಿಂದ ಇವಳ ಅಂಕಲ್ ಎಂದು ನಾಲ್ಕು ದಿನ ತಲೆ ಕೆಡಿಸಿಕೊಂಡು, ಅರ್ಥವಾದ ಮೇಲೆ ಆ ಹೆಸರಿಗೆ ತಾನೇ ಓಗೊಡಲು ಶುರುಮಾಡಿದ. ಅವನದು ಒಂದೇ ಕಟ್ಟುನಿಟ್ಟು. ಬಾಗಿಲ ಪಕ್ಕದ ಹಲಗೆಯಲ್ಲಿ ಕೊಕ್ಕೆಗಳಿದ್ದವು. ಒಳಗೆ ಹೋಗುವವರು ತಮ್ಮ ಹೆಸರಿನ ಟ್ಯಾಗನ್ನು ಕೊಕ್ಕೆಗೆ ಹಾಕಬೇಕು, ಬಂದಮೇಲೆ ತೆಗೆಯಬೇಕು. ನಿನ್ನ ಟ್ಯಾಗು, ನಿನ್ನ ಕೈ ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ. ಈ ಗಾಳಿಗೆ ವಾಸನೆಯಿಲ್ಲ, ಕೆಮ್ಮು ಬರುವುದಿಲ್ಲ, ಉಸಿರು ಕಟ್ಟುವುದೂ ಇಲ್ಲ. ಸಾಯುತ್ತಿದ್ದೀಯ ಎಂದು ನಿನ್ನ ದೇಹವೇ ನಿನಗೆ ಹೇಳುವುದಿಲ್ಲ ಎನ್ನುತ್ತಿದ್ದ.

ನಾವು ತಲೆಯಾಡಿಸುತ್ತಿದ್ದೆವು. ಆದರೆ ನಾವು ಬೆಳೆದದ್ದು ಬೇರೆ ರೀತಿ. ಕಾಲೇಜಿನಲ್ಲಿ ಗೆಳತಿ ಬರದಿದ್ದರೆ ಅವಳ ಹಾಜರಿ ನಾವು ಕೂಗಬೇಕು. ಅದಕ್ಕೆ ಪ್ರಾಕ್ಸಿ ಎಂದು ಹೆಸರು. ಕೂಗದವಳು ಗೆಳತಿಯೇ ಅಲ್ಲ. ಸವಿತಾ ಅದರಲ್ಲಿ ಎತ್ತಿದ ಕೈ, ಒಂದೇ ತರಗತಿಯಲ್ಲಿ ಮೂರು ದನಿಯಲ್ಲಿ ಎಸ್ ಸಾರ್ ಎಂದವಳು. ಇಲ್ಲಿಯೂ ಅಷ್ಟೆ. ನನ್ನ ಕಪ್ಪನ್ನು ತಾನೇ ತೊಳೆದಿಡುವಳು, ನನ್ನ ಕೋಟನ್ನು ತಾನೇ ನೇತುಹಾಕುವಳು, ಹೊರಗೆ ಬರುವಾಗ ತನ್ನ ಟ್ಯಾಗಿನ ಜೊತೆ ನನ್ನದನ್ನೂ ತೆಗೆಯುವಳು. "ನಿಂದೂ ತೆಗ್ದಿದೀನಿ ಕಣೇ, ನಡಿ." ನಮ್ಮಲ್ಲಿ ಯಾರಿಗೂ ಅದು ತಪ್ಪೆಂದು ಹೊಳೆದಿರಲಿಲ್ಲ.

ಇರ್ಫಾನನಿಗೆ ಮರೆವು. ಶುಕ್ರವಾರ ಮಧ್ಯಾಹ್ನ ಕರೀಂ ಅಂಕಲ್ ವ್ಯಾನು ಗೇಟಿನಲ್ಲಿ ಹಾರ್ನ್ ಹೊಡೆದ ಕೂಡಲೇ ಕೆಲಸದ ರಬ್ಬರ್ ಬೂಟು ಕಳಚಿ, ಶೂ ತುಳಿದುಕೊಂಡು ಜುಮ್ಮಾ ನಮಾಜಿಗೆ ಓಡುವನು. ಟ್ಯಾಗು ಕೊಕ್ಕೆಯಲ್ಲೇ. ಕಾಲಿನ್ ಎರಡು ಸಲ ಚೆನ್ನಾಗಿ ಬೈದಿದ್ದ. ಇನ್ನೊಂದು ಸಲ ಹೀಗಾದರೆ ವಿಶ್ವವಿದ್ಯಾಲಯಕ್ಕೆ ವಾಪಸು ಕಳಿಸುತ್ತೇನೆ ಎಂದಿದ್ದ. ಕಳಿಸಿದರೆ ವರ್ಷ ಹಾಳು. ಇರ್ಫಾನ್ ನಗುತ್ತಾ ಕಿವಿ ಹಿಡಿದುಕೊಂಡಿದ್ದ, ಆದರೆ ಆ ವಾರವಿಡೀ ಅವನ ಮುಖ ಬಾಡಿತ್ತು.

ಚಳಿಗಾಲ ಮುಗಿದು ಸೆಪ್ಟೆಂಬರ್ ಬಂತು. ಪಡುವಲ ಗಾಳಿ, ಬಿಸಿಲು ಕಾಯುತ್ತಿದ್ದಂತೆಯೇ ಮಳೆ, ಬೂಟಿನ ತುಂಬ ಕೆಂಪು ರಾಡಿ. ಹೊರಗಿನ ಶೆಡ್ಡಿನಲ್ಲಿಟ್ಟ ಈರುಳ್ಳಿಗಳೆಲ್ಲ ಹಸಿರು ನಾಲಗೆ ಚಾಚಿದ್ದವು. ನಮ್ಮ ಕೋಣೆಯವು ಮಾತ್ರ ಕಲ್ಲಿನಂತೆ ಮಲಗಿದ್ದವು. ನಮಗೆ ಸಂಭ್ರಮ.

ಅದೊಂದು ಶುಕ್ರವಾರ. ಬೆಳಗ್ಗೆಯಿಂದ ಮಾದರಿ ತೆಗೆಯುತ್ತಿದ್ದೆವು. ನಾನು ಪಕ್ಕದ ಲ್ಯಾಬಿನಲ್ಲಿ ಈರುಳ್ಳಿ ಸೀಳಿ ಮೊಳಕೆ ಅಳೆಯುತ್ತಿದ್ದೆ. ಅವತ್ತು ಕರೀಂ ಅಂಕಲ್ ವ್ಯಾನು ಸ್ಟಾರ್ಟ್ ಆಗಿರಲಿಲ್ಲ. ಅವರು ಇರ್ಫಾನನಿಗೆ ಫೋನು ಮಾಡಿ ಇವತ್ತು ಆಗುವುದಿಲ್ಲ ಎಂದಿದ್ದರು. ನಮ್ಮಲ್ಲಿ ಅದು ಅವನೊಬ್ಬನಿಗೇ ಗೊತ್ತಿದ್ದ ಸಂಗತಿ. ಹೇಗೂ ಹೋಗುವುದಿಲ್ಲವಲ್ಲ, ಹಿಂದಿನ ಮೂಲೆಯ ಪೆಟ್ಟಿಗೆ ಮುಗಿಸಿಬಿಡೋಣ ಎಂದುಕೊಂಡು ಅವನು ಮತ್ತೆ ಒಳಗೆ ಹೋಗಿರಬೇಕು. ಟ್ಯಾಗನ್ನು ಸರಿಯಾಗಿಯೇ ಹಾಕಿದ್ದ.

ಜುಮ್ಮಾಕ್ಕೆ ಹೊರಡುವ ಹೊತ್ತು ಕಳೆದ ಮೇಲೆ ಸವಿತಾ ಹಲಗೆ ನೋಡಿದಳು. ಅವನ ಟ್ಯಾಗು ನೇತಾಡುತ್ತಿತ್ತು. ಪಾಪ, ಮತ್ತೆ ಮರೆತು ಹೋಗಿದ್ದಾನೆ, ಕಾಲಿನ್ ನೋಡಿದರೆ ಈ ಸಲ ಬಿಡುವುದಿಲ್ಲ ಎಂದು ತೆಗೆದುಬಿಟ್ಟಳು. ಆಮೇಲೆ ಕಾಲಿನ್ ಬಂದ. ಹಲಗೆ ಖಾಲಿ. ಕೋಣೆಯೊಳಗೆ ಒಂದು ಸುತ್ತು ಹಾಕಿ ಬರುವುದು ಅವನದೇ ನಿಯಮ. ಅವತ್ತು ಮಾತ್ರ ಬಾಗಿಲಲ್ಲೇ ನಿಂತು ಕೂಗಿದ. ಫ್ಯಾನುಗಳ ಸದ್ದು, ಉತ್ತರವಿಲ್ಲ. ಬಾಗಿಲು ಬಿಗಿಮಾಡಿ ಸಾರಜನಕ ಬಿಟ್ಟ.

ಇದನ್ನೆಲ್ಲ ನಾನು ನೋಡಲಿಲ್ಲ, ಆಮೇಲೆ ಒಬ್ಬೊಬ್ಬರು ಹೇಳಿದ್ದನ್ನು ಜೋಡಿಸಿಕೊಂಡದ್ದು. ನಾನು ನೋಡಿದ್ದು ಶೂಗಳನ್ನು. ಅವು ನಾನು ಬಯಸದಿದ್ದರೂ ದಿನಾ ಕಣ್ಣೆದುರು ಬರುತ್ತವೆ. ಟೀ ಮಾಡೋಣವೆಂದು ಹೊರಗೆ ಬಂದವಳು ರಬ್ಬರ್ ಬೂಟು ಬಿಚ್ಚಲು ಗೋಡೆಯ ಪಕ್ಕ ಶೂ ಬಿಡುವ ಜಾಗದಲ್ಲಿ ಬಗ್ಗಿದೆ. ನನ್ನ ಶೂ, ಸವಿತಾಳ ಶೂ, ಅವುಗಳ ಪಕ್ಕದಲ್ಲಿ ಹಿಮ್ಮಡಿ ತುಳಿದ ಕಪ್ಪು ಶೂ. ಹೊಸ್ತಿಲಲ್ಲಿ ಬಿಟ್ಟ ಚಪ್ಪಲಿ ನೋಡಿ ಮನೆಯೊಳಗೆ ಯಾರಿದ್ದಾರೆ ಎಂದು ಹೇಳುವ ಊರಿನವಳು ನಾನು. ಬೂಟು ಬಿಚ್ಚುತ್ತಲೇ ಕೇಳಿದೆ.

"ಇರ್ಫಾನ್ ಇನ್ನೂ ಹೋಗಿಲ್ವಾ?"

"ಆಗ್ಲೇ ಹೋದ. ಟ್ಯಾಗ್ ಬಿಟ್ಟು ಹೋಗಿದ್ದ, ನಾನೇ ತೆಗೆದೆ."

"ಬರಿಗಾಲಲ್ಲಾ?"

ಅವಳು ತಿರುಗಿ ಶೂಗಳನ್ನು ನೋಡಿದಳು. ಅವಳ ಮುಖದಲ್ಲಿ ಆಗ ಏನಾಯಿತೋ ಅದನ್ನು ನಾನು ಬರೆಯಲಾರೆ.

ಕೋಣೆಯ ಬಾಗಿಲಲ್ಲಿ ಅಂಗೈಯಗಲದ ಗಾಜು. ಪೆಟ್ಟಿಗೆಗಳ ಸಂದಿಯಿಂದ ಹಿಂದಿನ ಮೂಲೆಯ ಒಂದು ಪಟ್ಟಿ ಕಂಡಿತು. ಅವನು ಮಂಡಿಯೂರಿದ್ದ, ಬೆನ್ನು ಬಗ್ಗಿತ್ತು, ಹಣೆ ನೆಲಕ್ಕೆ ತಾಗಿತ್ತು. ಒಂದು ಕ್ಷಣ ನನಗೆ ಸಮಾಧಾನವಾಯಿತು. ವ್ಯಾನು ಬಂದಿಲ್ಲ, ಇಲ್ಲೇ ನಮಾಜು ಮಾಡುತ್ತಿದ್ದಾನೆ ಎಂದುಕೊಂಡೆ. ಆ ಒಂದು ಕ್ಷಣವನ್ನು ಇವತ್ತಿಗೂ ತಿರುಗಿಸಿ ತಿರುಗಿಸಿ ನೋಡುತ್ತೇನೆ. ಅವನು ಏಳಲಿ ಎಂದು ಕಾದೆ. ಏಳಲಿಲ್ಲ. ಬಾಗಿಲ ಪಕ್ಕದ ಮೀಟರಿನಲ್ಲಿ ಆಮ್ಲಜನಕದ ಅಂಕಿ ನೂರಕ್ಕೆ ಒಂಬತ್ತಕ್ಕೆ ಇಳಿದಿತ್ತು. ನಾವೆಲ್ಲ ಉಸಿರಾಡುವ ಗಾಳಿಯಲ್ಲಿ ಅದು ಇಪ್ಪತ್ತೊಂದು.

ನಾನು ಹಿಡಿಗೆ ಕೈಹಾಕುವಷ್ಟರಲ್ಲಿ ಕಾಲಿನ್ ಬಂದು ಭುಜದಿಂದ ನನ್ನನ್ನು ಪಕ್ಕಕ್ಕೆ ತಳ್ಳಿದ. ಸಾರಜನಕ ನಿಲ್ಲಿಸಿದ, ಬಾಗಿಲನ್ನು ಪೂರ್ತಿ ಸರಿಸಿದ, ಹೊರಗಾಳಿಯ ಫ್ಯಾನು ಹಾಕಿದ. ನಾನು ಒಳಗೆ ಹೆಜ್ಜೆಯಿಟ್ಟೆ. ಕಾಲರು ಹಿಡಿದು ಎಳೆದ. ಆಗ ಅವನು ಹೇಳಿದ್ದು ಎರಡೇ ಮಾತು. ನೀನು ಹೋದರೆ ನಾನು ಇಬ್ಬರನ್ನು ಎಳೆಯಬೇಕಾಗುತ್ತದೆ. ಅವಳನ್ನು ಹಿಡಿದುಕೋ. ಹೇಳಿದವನೇ ಉಸಿರಾಟದ ಸಿಲಿಂಡರು ತರಲು ಓಡಿದ.

ಸವಿತಾ ಆಗಲೇ ಹೊಸ್ತಿಲ ಮೇಲಿದ್ದಳು. ಹಿಂದಿನಿಂದ ಎರಡೂ ತೋಳಲ್ಲಿ ಅವಳನ್ನು ಬಿಗಿದು ಹಿಡಿದೆ.

ಬಾಗಿಲು ತೆರೆದಿದೆ. ದೀಪ ಉರಿಯುತ್ತಿದೆ. ಹತ್ತು ಹೆಜ್ಜೆ ದೂರದಲ್ಲಿ ಅವನು. ನಡುವಿನ ದಾರಿಯಲ್ಲಿ ಏನೂ ಇಲ್ಲ. ನೀರಿದ್ದಿದ್ದರೆ ನೀರು ಕಾಣುತ್ತಿತ್ತು, ಬೆಂಕಿಯಿದ್ದಿದ್ದರೆ ಬೆಂಕಿ. ಈರುಳ್ಳಿ ಮಾತ್ರ ಕಾಣುತ್ತಿತ್ತು, ಈರುಳ್ಳಿಯದೇ ವಾಸನೆ. ಯಾವ ಅಡ್ಡಿಯೂ ಕಾಣದ ಕಡೆ, ಬಿದ್ದವನನ್ನು ಎತ್ತಲು ಹೊರಟವಳನ್ನು ನಾನು ಹಿಡಿದು ನಿಲ್ಲಿಸಿದ್ದೆ.

"ಬಿಡೇ. ಟ್ಯಾಗ್ ತೆಗೆದಿದ್ದು ನಾನು. ಬಿಡೇ ನನ್ನ."

ಬಿಡಲಿಲ್ಲ. ಅವಳು ನನ್ನ ಎಡಗೈ ಮಣಿಕಟ್ಟನ್ನು ಕಚ್ಚಿದಳು. ಆಗಲೂ ಬಿಡಲಿಲ್ಲ. ಎಷ್ಟು ಹೊತ್ತೋ ಗೊತ್ತಿಲ್ಲ. ಎಲ್ಲರೂ ಸ್ವಲ್ಪವೇ ಹೊತ್ತು ಎನ್ನುತ್ತಾರೆ. ನನ್ನ ಲೆಕ್ಕದಲ್ಲಿ ಅದಿನ್ನೂ ಮುಗಿದಿಲ್ಲ. ಮುಖಕ್ಕೆ ಕವಚ ಹಾಕಿಕೊಂಡು ಕಾಲಿನ್ ಒಳಗೆ ನುಗ್ಗಿದ, ಇರ್ಫಾನನನ್ನು ಕಂಕುಳಲ್ಲಿ ಹಿಡಿದು ಹಿಮ್ಮುಖವಾಗಿ ಎಳೆದುಕೊಂಡು ಬಂದ. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಹೊರಗಿನ ಒದ್ದೆ ಹುಲ್ಲಿನ ಮೇಲೆ ಮಲಗಿಸಿ ಕಾಲಿನ್ ಉಸಿರು ಕೊಟ್ಟ. ಮಳೆ ಹನಿಯುತ್ತಿತ್ತು. ಇರ್ಫಾನನ ಎದೆ ಒಮ್ಮೆ ಏರಿತು, ನಿಂತಿತು, ಮತ್ತೆ ಏರಿತು.

ಅವನು ಬದುಕಿದ. ಆಕ್ಲೆಂಡಿನ ಆಸ್ಪತ್ರೆಯಲ್ಲಿ ಮರುದಿನ ಕಣ್ಣುಬಿಟ್ಟು ಕರೀಂ ಅಂಕಲ್‌ರನ್ನು ಕೇಳಿದ ಮೊದಲ ಮಾತು, ವ್ಯಾನು ಬಂತೇನ್ರೀ ಎಂದು. ಅಂಕಲ್ ಗೋಡೆಗೆ ಮುಖಮಾಡಿ ಅತ್ತರು. ಇರ್ಫಾನನಿಗೆ ಆ ಶುಕ್ರವಾರದ ಬೆಳಗಿನ ತಿಂಡಿಯ ನಂತರದ್ದು ಏನೂ ನೆನಪಿಲ್ಲ. ಇವತ್ತಿಗೂ ಇಲ್ಲ. ನಾವು ನೋಡಲು ಹೋದಾಗ ದಿಂಬಿಗೊರಗಿ ಕೂತು ನಗಿಸಲು ನೋಡಿದ. "ಉಳ್ಳಾಗಡ್ಡಿ ಎಲ್ಲಾರ್ನೂ ಅಳಸ್ತೈತಿ. ನನ್ನ ಮಲಗಿಸ್ತು ನೋಡ್ರಿ." ಸವಿತಾ ನಗಲಿಲ್ಲ. ಅವಳು ಅಷ್ಟರಲ್ಲಿ ತನಿಖೆಯವರ ಮುಂದೆ ಎಲ್ಲವನ್ನೂ ಇದ್ದದ್ದು ಇದ್ದಂತೆ ಹೇಳಿಯಾಗಿತ್ತು. ಸುತ್ತು ಹಾಕಲಿಲ್ಲ ಎಂದು ಕಾಲಿನ್ ಕೂಡ ತಾನಾಗಿಯೇ ಹೇಳಿದ್ದ.

ತನಿಖೆಯ ಹೆಂಗಸು ಆಸ್ಪತ್ರೆಗೂ ಬಂದಳು. ಟ್ಯಾಗು ತೆಗೆದವರು ಯಾರೆಂದು ಇರ್ಫಾನನನ್ನು ಕೇಳಿದಳು. ಅವನು ಸ್ವಲ್ಪವೂ ತಡವರಿಸದೆ, ನಾನೇ ತೆಗೆದೆ, ಮರೆತು ಮತ್ತೆ ಒಳಗೆ ಹೋಗಿರಬೇಕು ಎಂದ. ಏನೂ ನೆನಪಿಲ್ಲದವನು ಇದೊಂದನ್ನು ನೆನಪು ಮಾಡಿಕೊಂಡಿದ್ದ. ಆಕೆ ಪೆನ್ನು ಹಿಡಿದುಕೊಂಡೇ ನಮ್ಮ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದಳು. ಎದ್ದು ಹೊರಗೆ ಹೋದ ಮೇಲೆ ಸವಿತಾ ಮಂಚದ ಹತ್ತಿರ ಬಂದಳು. ದನಿ ಏರಿಸಲಿಲ್ಲ.

"ನನ್ನ ಟ್ಯಾಗ್ ನೀನ್ಯಾಕೋ ತೆಗೀತೀಯ?"

"ನಿನ್ನ ವರ್ಷ ಹಾಳಾಗ್ತೈತಲ್ಲ, ಹುಚ್ಚಿ."

"ಆಗ್ಲಿ. ಇದೊಂದಾದ್ರೂ ನನ್ನ ಕೈಯಲ್ಲೇ ಇರ್ಲಿ, ಬಿಡು."

ಅವಳನ್ನು ಹ್ಯಾಮಿಲ್ಟನ್‌ಗೆ ವಾಪಸು ಕಳಿಸಿದರು. ಯಾರದೋ ಹಳೆಯ ಅಂಕಿ ಅಂಶಗಳನ್ನು ಇಟ್ಟುಕೊಂಡು ಕೋರ್ಸು ಮುಗಿಸಿದಳು. ಈಗ ಮೈಸೂರಿನಲ್ಲಿ ಪಾಠ ಮಾಡುತ್ತಾಳೆ. ಹೆಸರು ಕೂಗಿ, ತಲೆಯೆತ್ತಿ, ಪ್ರತಿಯೊಬ್ಬರ ಮುಖ ನೋಡಿಯೇ ಹಾಜರಿ ಹಾಕುತ್ತಾಳಂತೆ; ಹುಡುಗರು ಪೊಲೀಸ್ ಮೇಡಂ ಎನ್ನುತ್ತಾರಂತೆ. ನಾವಿಬ್ಬರೂ ಫೋನಿನಲ್ಲಿ ಮಾತಾಡುತ್ತೇವೆ. ಕಚ್ಚಿದ್ದರ ಬಗ್ಗೆ ಅವಳು ಕೇಳುವುದಿಲ್ಲ, ಹಿಡಿದಿದ್ದರ ಬಗ್ಗೆ ನಾನು ಹೇಳುವುದಿಲ್ಲ. ಹಿಡಿದದ್ದು ಸರಿ ಎಂದು ಕಾಲಿನ್ ಹೇಳಿದ, ವೈದ್ಯರು ಹೇಳಿದರು, ಸವಿತಾಳ ಅಮ್ಮ ಮೈಸೂರಿನಿಂದ ಫೋನು ಮಾಡಿ ನನ್ನ ಮಗಳನ್ನು ಉಳಿಸಿದೆ ಕಣಮ್ಮ ಎಂದರು. ನನಗೂ ಗೊತ್ತು. ತೋಳಿಗೆ ಗೊತ್ತಿಲ್ಲ. ಜನಜಂಗುಳಿಯಲ್ಲಿ ಯಾರಾದರೂ ಬಿರುಸಾಗಿ ಪಕ್ಕದಿಂದ ಹಾದರೆ ನನ್ನ ಎರಡೂ ತೋಳು ತಾವಾಗಿಯೇ ಮುಂದಕ್ಕೆ ಬರುತ್ತವೆ.

ಉಳಿದ ತಿಂಗಳುಗಳನ್ನು ನಾನೊಬ್ಬಳೇ ಅಲ್ಲಿ ಕಳೆದೆ. ಬಾಗಿಲು ತೆರೆದು ಪ್ರಯೋಗ ಕೆಟ್ಟಿದ್ದರಿಂದ ಆ ಕೋಣೆಯ ಈರುಳ್ಳಿಯನ್ನೆಲ್ಲ ಹೊಲದಂಚಿನ ಗುಂಡಿಗೆ ಸುರಿದೆವು. ಮಳೆ ಬಿತ್ತು. ಮುಂದಿನ ವಾರ ನೋಡಿದರೆ ರಾಶಿಯ ತುಂಬ ಹಸಿರು. ಅಷ್ಟು ತಿಂಗಳು ಉಸಿರು ಹಿಡಿದುಕೊಂಡಿದ್ದವೆಲ್ಲ ಒಟ್ಟಿಗೆ ಎದ್ದಿದ್ದವು. ಕಾಲಿನ್ ನನ್ನ ಪಕ್ಕ ಬಹಳ ಹೊತ್ತು ನಿಂತಿದ್ದ.

ಕರೀಂ ಅಂಕಲ್ ಮನೆಯ ಮೆಟ್ಟಿಲನ್ನು ಕೊನೆಗೂ ಹತ್ತಿದೆ. ನನ್ನ ಶೂ ಬಿಚ್ಚಿ ಆ ಕಪ್ಪು ಶೂಗಳಿಂದ ಸ್ವಲ್ಪ ದೂರ ಇಟ್ಟೆ. ಒಳಗೆ ಜನ, ಬಿರಿಯಾನಿಯ ಘಮ, ಟಿವಿಯಲ್ಲಿ ಕ್ರಿಕೆಟ್. ಅಂಕಲ್ ಅಂಗಡಿಯಿಂದ ಇನ್ನೂ ಬಂದಿರಲಿಲ್ಲ. ಇರ್ಫಾನ್ ಎಲ್ಲಿ ಆಂಟಿ ಎಂದೆ. ಇಲ್ಲೇ ಇದ್ದನಲ್ಲಮ್ಮ ಎಂದು ಆಂಟಿ ಸೌಟು ಹಿಡಿದೇ ಸುತ್ತ ನೋಡಿದರು. ಹೆಸರು ಹಿಡಿದು ಕೂಗಿದೆ. ಉತ್ತರವಿಲ್ಲ. ಮತ್ತೆ ಕೂಗಿದೆ, ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು. ಸೋಫಾದ ಮೇಲೆ ಕೂತು ಬಣ್ಣ ಹಚ್ಚುತ್ತಿದ್ದ ಅವನ ಪುಟ್ಟ ಮಗಳು ತಲೆಯೆತ್ತದೆ, "ಡ್ಯಾಡ್ ಈಸ್ ಇನ್‌ಸೈಡ್" ಎಂದಳು.

ಪಡಸಾಲೆಯ ಕೊನೆಯಲ್ಲಿ ಅರ್ಧ ತೆರೆದ ಬಾಗಿಲು. ತಳ್ಳಿದೆ.

ಅವನು ಮಂಡಿಯೂರಿದ್ದ, ಬೆನ್ನು ಬಗ್ಗಿತ್ತು, ಹಣೆ ಚಾಪೆಗೆ ತಾಗಿತ್ತು.

ನಮಾಜು ಮಾಡುವವರನ್ನು ಕರೆಯಬಾರದು, ಅವರ ಮುಂದೆ ಹಾಯಬಾರದು. ಅದು ನನಗೆ ಗೊತ್ತು. ಹೊಸ್ತಿಲಲ್ಲೇ ನಿಂತೆ. ನನ್ನ ಬಲಗೈ ಎಡಗೈ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿತ್ತು. ಕಿಟಕಿ ತೆರೆದಿತ್ತು, ಪರದೆ ಅಲ್ಲಾಡುತ್ತಿತ್ತು, ಹೊಲದಿಂದ ಈರುಳ್ಳಿಯ ವಾಸನೆ ಬರುತ್ತಿತ್ತು. ಅಂಗಿಯೊಳಗೆ ಅವನ ಬೆನ್ನು ಅಲುಗುತ್ತಿದೆಯೇ ಎಂದು ಕಣ್ಣು ಮಿಟುಕಿಸದೆ ನೋಡಿದೆ. ಏಳು ಎಂದು ಮನಸ್ಸಿನಲ್ಲೇ ಹೇಳಿದೆ. ಏಳೋ.

ಅವನು ಎದ್ದ. ಮಂಡಿಯ ಮೇಲೆ ಕೂತ. ನಿಧಾನವಾಗಿ ಬಲಕ್ಕೆ, ಆಮೇಲೆ ಎಡಕ್ಕೆ ಮುಖ ತಿರುಗಿಸಿದ. ಎಡಕ್ಕೆ ತಿರುಗಿದಾಗ ಅವನಿಗೆ ನಾನು ಕಂಡೆ.

"ಯಾಕ್ರೀ ಶೈಲಾ, ಅಲ್ಲೇ ನಿಂತ್ರಿ? ಒಳಗ ಬರ್ರಿ."

ಹೊಸ್ತಿಲ ಈಚೆಯೇ ಒಮ್ಮೆ ಉಸಿರೆಳೆದುಕೊಂಡೆ. ಆಮೇಲೆ ಕಾಲಿಟ್ಟೆ.